ದೇವಣಿಯ ರುಚಿ ಯಾರಿಗೆ ಗೊತ್ತು?

ಕಣ್ಣು ಮಂಜಾದ ಮೇಲೂ ನಮ್ಮ ಮುತ್ಯಾ ದೇವಣಿ ಎತ್ತುಗಳನ್ನು ದೂರದಿಂದಲೇ ಗುರುತಿಸುತ್ತಿದ್ದ. ಮೈಯೆಲ್ಲ ಬೆಳ್ಳಗಿದ್ದರೆ ಬಾಲಂಕ್ಯಾ, ಬಿಳಿ ಮೈಗೆ ಮುಖದಲ್ಲಷ್ಟೇ ಕಪ್ಪಿದ್ದರೆ ವಾನೇರಾ, ಬಿಳಿಯ ಮೇಲೆ ಕಪ್ಪು ಮಚ್ಚೆಗಳು ಚೆಲ್ಲಾಡಿದ್ದರೆ ಶೇವರಾ. ನಮ್ಮದು ಬೀದರ್ ಜಿಲ್ಲೆಯ ಗಡಿಹಳ್ಳಿ. ಹಾಗಾಗಿ ಈ ಹೆಸರುಗಳೆಲ್ಲ ಮರಾಠಿಯವು. ತಳಿಗೆ ಹೆಸರು ಬಂದದ್ದೂ ಗಡಿಯಾಚೆಯ ಲಾತೂರ್ ಜಿಲ್ಲೆಯ ದೇವಣಿ ಎಂಬ ಊರಿನಿಂದ. ಸಂತೆಯಲ್ಲಿ ಮುತ್ಯಾ ಮೊದಲು ಹಿಣಿಲಿನ ಎತ್ತರ ನೋಡುತ್ತಿದ್ದ, ಆಮೇಲೆ ಗಂಗೆದೊಗಲು, ಆಮೇಲೆ ಗೊರಸು. ಕಡೆಗೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ. ನಾನು ಆರನೇ ಇಯತ್ತೆಯಲ್ಲಿದ್ದಾಗ ಮನೆಯ ಬಾಲಂಕ್ಯಾ ಎತ್ತು ಗಳೆ ಎಳೆಯಲಾರದಷ್ಟು ಮುದಿಯಾಯಿತು. ಯುಗಾದಿಗೆ ಮುಂಚೆ ಅದನ್ನು ಸಂತೆಗೆ ಹೊಡೆದುಕೊಂಡು ಹೋದರು. ಸಂಜೆ ಮುತ್ಯಾ ಹಗ್ಗ ಮಾತ್ರ ಹೆಗಲ ಮೇಲೆ ಹಾಕಿಕೊಂಡು ಬಂದ. ಎತ್ತು ಆಮೇಲೆ ಎಲ್ಲಿಗೆ ಹೋಯಿತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬಾರದು ಎನ್ನುವುದು ನನಗೂ ಗೊತ್ತಿತ್ತು.

ಈ ನೆನಪು ಮರಳಿದ್ದು ಎರಡು ಪುಸ್ತಕಗಳನ್ನು ಒಟ್ಟಿಗೆ ಓದುವಾಗ. ಒಂದು, ಕೆನಡಾದ ಪತ್ರಕರ್ತ ಮಾರ್ಕ್ ಶಾಟ್ಸ್‌ಕರ್ ಬರೆದು 2010ರಲ್ಲಿ ಪ್ರಕಟವಾದ ‘ಸ್ಟೇಕ್’. ಇನ್ನೊಂದು, ಶಾಹು ಪಾಟೋಳೆ ಅವರ ಮರಾಠಿ ಪುಸ್ತಕ ‘ಅನ್ನ ಹೇ ಅಪೂರ್ಣಬ್ರಹ್ಮ’. ಇದು ಬಂದದ್ದು 2015ರಲ್ಲಿ. 2024ರಲ್ಲಿ ಭೂಷಣ್ ಕೋರ್ಗಾಂವ್ಕರ್ ಅವರ ಇಂಗ್ಲಿಷ್ ಅನುವಾದ ‘ದಲಿತ್ ಕಿಚನ್ಸ್ ಆಫ್ ಮರಾಠವಾಡಾ’ ಎಂಬ ಹೆಸರಿನಲ್ಲಿ ಪ್ರಕಟವಾದ ಮೇಲೆ ನಮ್ಮ ಹಾಸ್ಟೆಲಿನ ಕೋಣೆಗಳಲ್ಲೂ ಓಡಾಡಿತು. ಎರಡೂ ದನದ ಮಾಂಸದ ರುಚಿಯನ್ನು ಬಲ್ಲ ಪುಸ್ತಕಗಳು. ಮೊದಲನೆಯದು ‘ಯಾವ ತಳಿಯ ಮಾಂಸ ಶ್ರೇಷ್ಠ?’ ಎಂಬ ಪ್ರಶ್ನೆ ಹೊತ್ತು ಲೋಕ ಸುತ್ತುತ್ತದೆ. ಎರಡನೆಯದಕ್ಕೆ ಆ ಪ್ರಶ್ನೆಯ ಅಗತ್ಯವೇ ಬೀಳುವುದಿಲ್ಲ. ಈ ವ್ಯತ್ಯಾಸ ಬರೀ ದೇಶಾಚಾರದ್ದಲ್ಲ ಎಂದು ನನಗೆ ಅನಿಸಿದೆ. ಅದನ್ನೇ ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ದನದ ಮಾಂಸ ತಿಂದವನಲ್ಲ. ತಿನ್ನದವನು ರುಚಿಯ ಬಗ್ಗೆ ಬರೆಯುವುದು ಈಜು ಬಾರದವನು ಹೊಳೆಯ ಆಳ ಹೇಳಿದಂತೆ ಎಂದು ಗೆಳೆಯರು ಛೇಡಿಸಿದ್ದಾರೆ. ಒಪ್ಪುತ್ತೇನೆ. ಆದರೆ ರುಚಿಯ ಬಗ್ಗೆ ಬರೆದದ್ದನ್ನು ಓದಲು, ಅಲ್ಲಿ ಯಾವ ಮಾತು ಯಾರ ಬಾಯಿಂದ ಬಂದಿದೆ ಎಂದು ಕೇಳಲು ನಾಲಿಗೆಗಿಂತ ಕಿವಿ ಹೆಚ್ಚು ಬೇಕು.

ಶಾಟ್ಸ್‌ಕರ್ ಅವರ ಹಟ ಸರಳವಾದದ್ದು. ಅಂಗಡಿಯಲ್ಲಿ ಸಿಗುವ ಸ್ಟೇಕ್, ಅಂದರೆ ದಪ್ಪಗೆ ಕತ್ತರಿಸಿ ಕೆಂಡದ ಅಥವಾ ಕಾದ ಕಬ್ಬಿಣದ ಮೇಲೆ ಬೇಗ ಸುಡುವ ತುಂಡು, ಮೊದಲಿನ ರುಚಿ ಕಳೆದುಕೊಂಡಿದೆ. ಹಾಗಾದರೆ ರುಚಿಯ ತುಂಡು ಎಲ್ಲಿ ಸಿಗುತ್ತದೆ? ಟೆಕ್ಸಾಸ್, ಫ್ರಾನ್ಸ್, ಸ್ಕಾಟ್ಲೆಂಡ್, ಇಟಲಿ, ಜಪಾನ್, ಅರ್ಜೆಂಟೀನಾ ಎಂದು ಅವರು ತಿರುಗುತ್ತಾರೆ. ಎಲ್ಲೆಡೆ ಒಂದೊಂದು ತಳಿಯ ಹೆಸರು ಎದುರಾಗುತ್ತದೆ. ಸಾಲದೆಂದು ಕೊನೆಗೆ ಫ್ಲೋರಾನ್ಸ್ ಎಂಬ ಒಂದು ಆಕಳನ್ನು ತಾವೇ ಕೊಂಡು, ಮೇಯಿಸಿ, ಕಡಿಸಿ, ತಿನ್ನುತ್ತಾರೆ. ಒಳ್ಳೆಯ ಗದ್ಯ, ನಗಿಸುವ ಗದ್ಯ. ಕೂಡಿಹಾಕಿ ಮೆಕ್ಕೆಜೋಳ ತಿನ್ನಿಸಿ ದಪ್ಪಗಾಗಿಸುವ ಅಮೆರಿಕದ ಪದ್ಧತಿಯ ಮೇಲಿನ ಅವರ ಸಿಟ್ಟೂ ನಿಜವಾದದ್ದೇ. ತಳಿಯ ಹೆಸರುಗಳನ್ನು ಬೆನ್ನಟ್ಟಿ ಹೊರಟವರು ಮರಳುವ ಹೊತ್ತಿಗೆ ಹುಲ್ಲಿನ, ಮೇವಿನ ಪರವಾಗಿ ಮಾತಾಡುತ್ತಾರೆ. ಪುಸ್ತಕದ ಪ್ರಾಮಾಣಿಕತೆ ಇರುವುದು ಈ ತಿರುವಿನಲ್ಲಿ. ಆದರೆ ‘ತಳಿ’ ಎಂಬ ಮಾತೇ ಎಲ್ಲಿಂದ ಬಂತು, ಅದು ಯಾರ ಹಿತಕ್ಕೆ ದುಡಿಯುತ್ತದೆ ಎಂದು ಅವರು ನಿಂತು ಕೇಳುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಕುತೂಹಲ ಹುಟ್ಟುವುದೇ ಅಲ್ಲಿ.

ನಾವು ಇಂದು ಬಳಸುವ ಅರ್ಥದಲ್ಲಿ ತಳಿ ಎನ್ನುವುದು ಕೊಟ್ಟಿಗೆಯಷ್ಟೇ ಪುಸ್ತಕದಲ್ಲೂ ಹುಟ್ಟಿದ್ದು. 1822ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೋಟ್ಸ್ ಶಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನು ಅಚ್ಚು ಹಾಕಿಸಿದ. ದನಗಳ ಮಟ್ಟಿಗೆ ಅಂಥ ಮೊದಲ ಗ್ರಂಥ ಅದು. ಅಪ್ಪ ಯಾರು, ಅವ್ವ ಯಾರು, ಒಡೆಯ ಯಾರು ಎಂಬ ಮೂರು ಸಂಗತಿ ಅದರಲ್ಲಿ ಮುಖ್ಯ. ಅದಕ್ಕೂ ಮೊದಲು ಡರ್ಹಮ್ ಎತ್ತು ಎಂಬ ದೈತ್ಯ ಶಾರ್ಟ್‌ಹಾರ್ನ್ ಪ್ರಾಣಿಯನ್ನು ಗಾಡಿಯಲ್ಲಿ ನಿಲ್ಲಿಸಿ, ವರ್ಷಗಟ್ಟಲೆ ಊರೂರು ತಿರುಗಿಸಿ, ಜನರಿಂದ ದುಡ್ಡು ಪಡೆದು ತೋರಿಸಿದ್ದರು. 1802ರಲ್ಲಿ ಅದರ ಚಿತ್ರದ ಅಚ್ಚುಪ್ರತಿಗಳು ಸಾವಿರಗಟ್ಟಲೆ ಮಾರಾಟವಾದವು. ಹ್ಯಾರಿಯೆಟ್ ರಿಟ್ವೊ 1987ರ ತಮ್ಮ ‘ದಿ ಅನಿಮಲ್ ಎಸ್ಟೇಟ್’ ಕೃತಿಯಲ್ಲಿ ಈ ಬಹುಮಾನದ ದನಗಳನ್ನು ಚೆನ್ನಾಗಿ ಓದುತ್ತಾರೆ. ದನದ ಕುಲವನ್ನು ಹೊಗಳುವ ನೆಪದಲ್ಲಿ ಜಮೀನ್ದಾರ ತನ್ನ ಕುಲವನ್ನೇ ಹೊಗಳಿಕೊಳ್ಳುತ್ತಿದ್ದ ಎನ್ನುವುದು ಅವರ ವಾದದ ಸಾರ. ಆ ದನಗಳಲ್ಲಿ ಎಷ್ಟೋ ತಿನ್ನಲಾರದಷ್ಟು ಕೊಬ್ಬಿದ್ದವು. ಅಂದರೆ ತಳಿಯ ಕೀರ್ತಿಗೂ ತಾಟಿನ ರುಚಿಗೂ ಶುರುವಿನಿಂದಲೇ ನೇರ ಸಂಬಂಧವಿರಲಿಲ್ಲ.

ಆ ಸಂಬಂಧ ಇಂದಿಗೂ ಸಡಿಲವೇ. ಅಮೆರಿಕದಲ್ಲಿ 1978ರಲ್ಲಿ ಶುರುವಾದ ‘ಸರ್ಟಿಫೈಡ್ ಆಂಗಸ್ ಬೀಫ್’ ಎಂಬ ಮುದ್ರೆ ಈಗ ಲೋಕದ ಹೋಟೆಲುಗಳಲ್ಲೆಲ್ಲ ಕಾಣುತ್ತದೆ. ಆ ಮುದ್ರೆ ಬೀಳಲು ವಂಶಾವಳಿ ತೋರಿಸುವ ಕಡ್ಡಾಯವೇನಿಲ್ಲ. ದನದ ಚರ್ಮ ಬಹುಮಟ್ಟಿಗೆ ಕಪ್ಪಾಗಿದ್ದರೆ ಮೊದಲ ಬಾಗಿಲು ದಾಟಿದಂತೆ. ಆಮೇಲೆ ನೆಣ, ವಯಸ್ಸು, ಗಾತ್ರಗಳ ಪರೀಕ್ಷೆ. ಬಣ್ಣ ನೋಡಿ ಕುಲ ನಿರ್ಧರಿಸುವ ಈ ಉಪಾಯ ನಮಗೇನು ಹೊಸದಲ್ಲ ಬಿಡಿ.

ಹಾಗೆಂದು ತಳಿ ಬರೀ ಹೆಸರು ಎಂದು ಕೈಬಿಟ್ಟರೆ ತಪ್ಪಾಗುತ್ತದೆ. ಸಾಹಿತ್ಯದವರು ಇಂಥ ಕಡೆ ಆತುರ ಮಾಡುತ್ತೇವೆ. ‘ಎಲ್ಲವೂ ಕಥನ’ ಎಂದು ಹೇಳಿ ಎದ್ದುಬಿಡುತ್ತೇವೆ. ಮಾಂಸ ಕಥನವಲ್ಲ, ಅದರೊಳಗೆ ತಳಿ ನಿಜವಾಗಿಯೂ ಕೆಲಸ ಮಾಡುತ್ತದೆ. ದನದ ಮೈಯಲ್ಲಿ ನೆಣ ಒಂದೇ ಹೊತ್ತಿಗೆ ಎಲ್ಲ ಕಡೆ ತುಂಬುವುದಿಲ್ಲ. ಮೊದಲು ಮೂತ್ರಪಿಂಡದ ಸುತ್ತ, ಆಮೇಲೆ ಸ್ನಾಯುಗಳ ನಡುವೆ ಮತ್ತು ಚರ್ಮದ ಕೆಳಗೆ, ಎಲ್ಲಕ್ಕಿಂತ ಕೊನೆಗೆ ಸ್ನಾಯುವಿನ ಒಳಗೆ ಎಳೆಎಳೆಯಾಗಿ. ಆಂಗಸ್‌ನಂಥ ಬೇಗ ಬಲಿಯುವ ತಳಿ ಎಳೆ ಪ್ರಾಯದಲ್ಲೇ ಈ ಕೊನೆಯ ಹಂತಕ್ಕೆ ಬರುತ್ತದೆ. ಫ್ರಾನ್ಸಿನ ಷರೊಲೆ, ಇಟಲಿಯ ಕಿಯಾನಿನಾದಂಥ ದೊಡ್ಡ ಮೈಯ ತಳಿಗಳು ಅದೇ ವಯಸ್ಸಿನಲ್ಲಿ ಇನ್ನೂ ಮೂಳೆ, ಸ್ನಾಯು ಬೆಳೆಸುತ್ತಿರುತ್ತವೆ. ಒಳಗಿನ ಈ ನೆಣದ ಗೆರೆಗಳಿಗೆ ಇಂಗ್ಲಿಷಿನವರು ಅಮೃತಶಿಲೆಯನ್ನು ಕಂಡು ‘ಮಾರ್ಬ್ಲಿಂಗ್’ ಎಂದರು. ಜಪಾನಿನವರು ಇಬ್ಬನಿ ಹೆಪ್ಪುಗಟ್ಟಿ ಬಿದ್ದದ್ದನ್ನು ಕಂಡು ‘ಶಿಮೊಫುರಿ’ ಎಂದರು. ನಮ್ಮಲ್ಲಿ ನೆಣ ಎಂಬ ಒಳ್ಳೆಯ ಹಳೆಯ ಮಾತಿದೆ. ಆದರೆ ಸ್ನಾಯುವಿನ ಒಳಗಿನ ನೆಣಕ್ಕೇ ಬೇರೆಯಾದ ಹೆಸರನ್ನು ನಾನು ನಮ್ಮ ಕಡೆ ಕೇಳಿಲ್ಲ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಮೆದುತನದ ಲೆಕ್ಕ ಬೇರೆ. ದನ ಸತ್ತ ಮೇಲೆ ಸ್ನಾಯುವಿನಲ್ಲಿರುವ ಕ್ಯಾಲ್ಪೇನ್ ಎಂಬ ಕಿಣ್ವಗಳು ಎಳೆಗಳನ್ನು ದಿನೇದಿನೇ ಕಡಿದು ಮೆದುಗೊಳಿಸುತ್ತವೆ. ಕ್ಯಾಲ್ಪಾಸ್ಟಾಟಿನ್ ಎಂಬ ಇನ್ನೊಂದು ಪ್ರೋಟೀನು ಅವುಗಳ ಕೈ ಹಿಡಿಯುತ್ತದೆ. ಹಿಣಿಲಿರುವ ದನಗಳಲ್ಲಿ, ಅಂದರೆ ನಮ್ಮ ಕುಲದವುಗಳಲ್ಲಿ, ಈ ತಡೆ ಹೆಚ್ಚು ಬಲವಾಗಿದೆ. ನೆಬ್ರಾಸ್ಕಾದ ಕ್ಲೇ ಸೆಂಟರಿನಲ್ಲಿ ದಶಕಗಳ ಕಾಲ ತಳಿಗಳನ್ನು ಹೋಲಿಸಿ ನಡೆದ ಪ್ರಯೋಗಗಳಲ್ಲಿ ಬ್ರಾಹ್ಮನ್ ರಕ್ತದ ಪಾಲು ಹೆಚ್ಚಿದಂತೆ ಬೆಂದ ತುಂಡನ್ನು ಕತ್ತರಿಸಲು ಬೇಕಾದ ಬಲವೂ ಹೆಚ್ಚಾಯಿತು. ಬ್ರಾಹ್ಮನ್ ಎಂದರೆ ಅಮೆರಿಕದವರು ಗಿರ್, ಕಾಂಕ್ರೇಜ್, ಓಂಗೋಲ್ ಮತ್ತು ನಮ್ಮ ಬಿಜಾಪುರ, ಬೆಳಗಾವಿ ಕಡೆಯ ಕೃಷ್ಣಾ ಕಣಿವೆಯ ದನಗಳನ್ನು ಬೆರೆಸಿ ಕಟ್ಟಿದ ಮಾಂಸದ ತಳಿ. ಹೆಸರು ಅವರೇ ಇಟ್ಟದ್ದು, ನನ್ನನ್ನು ಬೈಯಬೇಡಿ.

ಇನ್ನು ಸ್ವಾದ. ಹಸಿ ಮಾಂಸಕ್ಕೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ. ಅದು ಹುಟ್ಟುವುದು ಬೆಂಕಿಯಲ್ಲಿ. ಮಾಂಸದ ಸಕ್ಕರೆಗಳೂ ಅಮೈನೋ ಆಮ್ಲಗಳೂ ಕಾದು ಕೂಡಿದಾಗ ಹುರಿದ ವಾಸನೆ ಬರುತ್ತದೆ. ನೆಣ ಕರಗಿ ಒಡೆದಾಗ ‘ಇದು ಕುರಿಯಲ್ಲ, ದನ’ ಎಂದು ಹೇಳುವ ಗುರುತು ಬರುತ್ತದೆ. ನೆಣದ ಗುಣವನ್ನು ತಳಿಯೂ ತಿದ್ದುತ್ತದೆ, ಮೇವೂ ತಿದ್ದುತ್ತದೆ. ಜಪಾನಿನ ಕಪ್ಪು ದನದ ನೆಣದಲ್ಲಿ ಓಲಿಯಿಕ್ ಆಮ್ಲ ಹೆಚ್ಚು. ಅದಕ್ಕೇ ಅದು ಬಾಯಿಯ ಬಿಸಿಗೇ ಕರಗುತ್ತದೆ, ಬೇಯುವಾಗ ತೆಂಗಿನಕಾಯಿಯಂಥ ಸಿಹಿ ಪರಿಮಳ ಬಿಡುತ್ತದೆ. ಇದು ತಳಿಯ ಸ್ವಾದಕ್ಕೆ ಸ್ಪಷ್ಟ ಉದಾಹರಣೆ, ಒಪ್ಪಬೇಕು. ಆದರೆ ಉಳಿದ ಹೆಚ್ಚಿನ ತಳಿಗಳನ್ನು ಒಂದೇ ಮೇವು, ಒಂದೇ ವಯಸ್ಸು, ಒಂದೇ ಅಡುಗೆಯಲ್ಲಿ ಇಟ್ಟು ಪಳಗಿದ ನಾಲಿಗೆಗಳಿಗೆ ಕೊಟ್ಟಾಗ ಸ್ವಾದದಲ್ಲಿ ಸಿಗುವ ಅಂತರ ಸಣ್ಣದು. ದೊಡ್ಡ ಅಂತರ ತರುವುದು ಹುಲ್ಲೋ ಕಾಳೋ ಎನ್ನುವುದು, ವಯಸ್ಸು, ಕಡಿಯುವ ಮುಂಚೆ ಪ್ರಾಣಿ ಬೆದರಿ ದಣಿದಿತ್ತೇ ಎನ್ನುವುದು. ದಣಿದು ಸತ್ತ ದನದ ಸ್ನಾಯುವಿನಲ್ಲಿ ಶಕ್ತಿಯ ಶೇಖರ ಮುಗಿದಿರುತ್ತದೆ. ಹುಳಿಯೇರದ ಆ ಮಾಂಸ ಕಪ್ಪಗೆ, ಅಂಟಂಟಾಗಿ ಉಳಿಯುತ್ತದೆ. ಯಾವ ಉತ್ತಮ ವಂಶಾವಳಿಯೂ ಅದನ್ನು ಕಾಪಾಡಲಾರದು.

ಹಾಗಾದರೆ ಗುಣಮಟ್ಟ ಎಂದರೇನು? ನನ್ನನ್ನು ಅತಿ ಹೆಚ್ಚು ಹೊತ್ತು ಕಾಡಿದ ವಿವರ ಆಸ್ಟ್ರೇಲಿಯಾದ್ದು. ಅಲ್ಲಿನ ಮಾಂಸ ಶ್ರೇಣೀಕರಣ ಪದ್ಧತಿಯಲ್ಲಿ ಕಡಿದ ದನದ ಹಿಣಿಲಿನ ಎತ್ತರವನ್ನು ಅಳೆಯುತ್ತಾರೆ. ಹಿಣಿಲು ಎತ್ತರವಿದ್ದಷ್ಟೂ ಅದರಲ್ಲಿ ಉಷ್ಣವಲಯದ ದನದ ರಕ್ತ ಹೆಚ್ಚು, ಹಾಗಾಗಿ ಮಾಂಸ ಗಡುಸು ಎಂದು ಅಂದಾಜಿಸಿ ಹಲವು ತುಂಡುಗಳ ಅಂಕ ಇಳಿಸುತ್ತಾರೆ. ಮುತ್ಯಾ ಬೆಲೆ ಏರಿಸಲು ಮುಟ್ಟಿ ನೋಡುತ್ತಿದ್ದ ಅದೇ ಹಿಣಿಲು! ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬನಿಗೆ ಅದು ನೊಗ ನಿಲ್ಲುವ ಜಾಗ, ಇನ್ನೊಬ್ಬನಿಗೆ ಹಲ್ಲಿಗೆ ಎದುರಾಗುವ ಗಡುಸಿನ ಸುಳಿವು. ಗುಣ ದನದಲ್ಲಿ ಇದ್ದೇ ಇದೆ, ಆದರೆ ಅದನ್ನು ಗುಣವೆಂದೋ ದೋಷವೆಂದೋ ಓದುವುದು ಓದುವವನ ಕೆಲಸ.

ಈ ಓದು ಬದಲಾಗಬಹುದು ಎನ್ನುವುದಕ್ಕೆ ಜಪಾನ್ ಸಾಕ್ಷಿ. ಅಲ್ಲಿ ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನವೂ ಸೇರಿ ಕೆಲವು ಪ್ರಾಣಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ. ಆ ಹಿಂಜರಿಕೆ ಹನ್ನೆರಡು ಶತಮಾನ ಬೇರೆ ಬೇರೆ ರೂಪದಲ್ಲಿ ಉಳಿದು, 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದದ್ದು ಬಹಿರಂಗವಾಗುವ ತನಕ ಬಂತು. ಅಷ್ಟು ಕಾಲವೂ ಈಗ ಲೋಕವೇ ಹೊಗಳುವ ವಾಗ್ಯು ದನ ಏನು ಮಾಡುತ್ತಿತ್ತು? ಭತ್ತದ ಗದ್ದೆ ಉಳುತ್ತಿತ್ತು. ಥೇಟ್ ನಮ್ಮ ದೇವಣಿಯಂತೆ. 1900ರ ನಂತರ ಯೂರೋಪಿನ ತಳಿಗಳೊಂದಿಗೆ ಬೆರೆಸಿದರು, ಬೇಡವೆನಿಸಿದಾಗ ನಿಲ್ಲಿಸಿದರು. ‘ಜಪಾನಿ ಕಪ್ಪು ದನ’ ಎಂಬ ತಳಿಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1944ರಲ್ಲಿ. 1939ರಲ್ಲಿ ಹುಟ್ಟಿದ ತಾಜಿರಿ ಎಂಬ ಒಂದೇ ಹೋರಿಯ ವಂಶ ಇಂದು ಆ ತಳಿಯ ಹೆಚ್ಚುಕಡಿಮೆ ಎಲ್ಲ ಆಕಳುಗಳಲ್ಲೂ ಇದೆ. ಪ್ರಾಚೀನವೆಂದು ಮಾರಾಟವಾಗುವ ಹೆಸರು ನಮ್ಮ ಅಜ್ಜಂದಿರ ಕಾಲದ್ದು! ದೇವಣಿಯೂ ಹಾಗೆಯೇ ಗಿರ್, ಡಾಂಗಿ ಮತ್ತು ಸ್ಥಳೀಯ ದನಗಳ ಕೂಡಿಕೆಯಿಂದ ಬಂದದ್ದು ಎನ್ನುತ್ತಾರೆ. ಅದರ ವಿವರಣೆಗಳಲ್ಲಿ ಹಾಲು ಮತ್ತು ಉಳುಮೆ ಎರಡೇ ಉದ್ದೇಶ. ಮೂರನೆಯದರ ಬಗ್ಗೆ ಕಾಗದ ಮೌನವಾಗಿದೆ. ನೊಗದ ದನ ತಾಟಿನ ದನವಾಗಲು ರಕ್ತವಷ್ಟೇ ಬದಲಾದರೆ ಸಾಲದು, ಅದರ ಬಗ್ಗೆ ಆಡುವ ಮಾತು ಬದಲಾಗಬೇಕು ಎನ್ನುವುದನ್ನು ಶಾಟ್ಸ್‌ಕರ್ ಜಪಾನಿಗೆ ಹೋಗಿಯೂ ಗಮನಿಸುವುದಿಲ್ಲ.

ಶ್ರೇಣಿ ಹಾಕುವ ಪದ್ಧತಿಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಮೆರಿಕದಲ್ಲಿ ದನದ ಹನ್ನೆರಡು ಮತ್ತು ಹದಿಮೂರನೆಯ ಪಕ್ಕೆಲುಬಿನ ನಡುವೆ ಕತ್ತರಿಸಿ ಅಲ್ಲಿ ಕಾಣುವ ಸ್ನಾಯುವಿನ ನೆಣ ನೋಡುತ್ತಾರೆ. ಜಪಾನಿನಲ್ಲಿ ಆರು ಮತ್ತು ಏಳರ ನಡುವೆ ಕತ್ತರಿಸಿ, ಒಂದರಿಂದ ಹನ್ನೆರಡರ ತನಕ ಅಂಕ ಕೊಡುತ್ತಾರೆ. ಜಾಗ ಬೇರೆಯಾದರೂ ಸ್ನಾಯು ಒಂದೇ: ಬೆನ್ನುಮೂಳೆಯ ಪಕ್ಕ ಉದ್ದಕ್ಕೆ ಮಲಗಿರುವುದು, ಇಡೀ ಮೈಯಲ್ಲಿ ಕಡಿಮೆ ದುಡಿಯುವ ಸ್ನಾಯುಗಳಲ್ಲಿ ಒಂದು. ಸ್ಟೇಕಿಗೆ ಬೇಕಾದದ್ದು ಅದು. ತಳಿಗಳ ನಡುವಿನ ಶ್ರೇಷ್ಠತೆಯ ವಾದವೆಲ್ಲ ಬಹುಮಟ್ಟಿಗೆ ಈ ಒಂದು ಸ್ನಾಯುವನ್ನು, ಒಂದೇ ರೀತಿಯ ಅಡುಗೆಯಲ್ಲಿ, ಕೆಲವೇ ನಿಮಿಷ ಬೆಂಕಿಗೆ ಹಿಡಿದು ನಡೆಸಿದ ವಾದ. ಕುತ್ತಿಗೆ, ಮುಂಗಾಲು, ನಾಲಿಗೆ, ಬೋಟಿ, ನಲ್ಲಿಮೂಳೆಗಳನ್ನು ಅದು ಕೇಳುವುದಿಲ್ಲ. ದುಡಿದ ಸ್ನಾಯುವಿನಲ್ಲಿ ನಾರು ಹೆಚ್ಚು. ಅದನ್ನು ನೀರಿನಲ್ಲಿ ತಾಸುಗಟ್ಟಲೆ ಕುದಿಸಿದರೆ ಆ ನಾರೇ ಕರಗಿ ರಸಕ್ಕೆ ಮಂದತನ ಕೊಡುತ್ತದೆ. ವಯಸ್ಸಾದ ದನದ ಮಾಂಸ ಗಡುಸಾದರೂ ಅದರ ಸ್ವಾದ ಗಾಢ. ತಾಸುಗಟ್ಟಲೆ ಕುದಿಯುವ ಪಾತ್ರೆಯಲ್ಲಿ ಆಂಗಸ್ಸಿಗೂ ಹಿಣಿಲಿನ ದನಕ್ಕೂ ಇದ್ದ ಮೆದುತನದ ದೂರ ಬಹಳ ಮಟ್ಟಿಗೆ ಕರಗಿಹೋಗುತ್ತದೆ. ಒಂದೇ ಪ್ರಕಾರವನ್ನು ಓದಿ ಇಡೀ ಸಾಹಿತ್ಯಕ್ಕೆ ಶ್ರೇಣಿ ಕೊಡುವ ವಿಮರ್ಶಕರನ್ನು ನಾವು ಕಂಡಿದ್ದೇವೆ. ‘ಸ್ಟೇಕ್’ ಪುಸ್ತಕ ಆ ಜಾತಿಯದು, ಅದರ ಎಲ್ಲ ಸೊಗಸಿನ ಜೊತೆಗೇ.

ಪಾಟೋಳೆ ಅವರ ಪುಸ್ತಕ ಆ ಸ್ನಾಯುವನ್ನು ಬಿಟ್ಟು ಉಳಿದ ದನದಿಂದ ಶುರುವಾಗುತ್ತದೆ ಎನ್ನಬಹುದು. ಮರಾಠವಾಡದ ಮಹಾರ್ ಮತ್ತು ಮಾಂಗ್ ಸಮುದಾಯಗಳ ಅಡುಗೆ ಅದರ ವಸ್ತು. ಅನ್ನವೇ ಪೂರ್ಣಬ್ರಹ್ಮ ಎಂಬ ಮರಾಠಿ ಮನೆಗಳ ಮಾತಿಗೆ ‘ಅ’ ಸೇರಿಸಿ ಅವರು ಕೊಟ್ಟ ಹೆಸರೇ ಒಂದು ವಿಮರ್ಶೆ. ಎಣ್ಣೆ ಕಡಿಮೆ, ಮಸಾಲೆ ಕಡಿಮೆ, ತುಪ್ಪದ ಮಾತೇ ಇಲ್ಲ. ಮಾಂಸವನ್ನು ಉದ್ದುದ್ದ ಎಳೆಯಾಗಿ ಕೊಯ್ದು ಬಿಸಿಲಲ್ಲಿ ಒಣಗಿಸಿದ ಚಾನ್ಯಾ, ರಕ್ತದ ಅಡುಗೆ, ಕರುಳಿನ ಅಡುಗೆ. ಒಂದೊಂದು ಅಂಗಕ್ಕೂ ಹೆಸರಿದೆ, ಒಂದೊಂದು ಹೆಸರಿಗೂ ಒಂದು ಅಡುಗೆ. ಇಲ್ಲಿ ಕೆಲಸವಿರುವುದು ಅಂಗಗಳ ಹೆಸರಿಗೆ, ತಳಿಯ ಹೆಸರಿಗಲ್ಲ.

ಇದರ ಕಾರಣ ನಾಲಿಗೆಯಲ್ಲಿ ಇಲ್ಲ, ಊರಿನ ವ್ಯವಸ್ಥೆಯಲ್ಲಿದೆ. ಸತ್ತ ದನವನ್ನು ಹೊರಗೆ ಸಾಗಿಸುವುದು ಈ ಸಮುದಾಯಗಳ ಮೇಲೆ ಹೊರಿಸಿದ್ದ ಕೆಲಸ. ಮಾಂಸ ಅದರ ಕೂಲಿಯಂತೆ ದಕ್ಕುತ್ತಿತ್ತು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟದ್ದು ಇದೇ ವ್ಯವಸ್ಥೆಯನ್ನು ಕಂಡು. 1948ರ ‘ದಿ ಅನ್‌ಟಚಬಲ್ಸ್’ ಗ್ರಂಥದಲ್ಲಿ ಅವರು ಅಸ್ಪೃಶ್ಯತೆಯ ಮೂಲವನ್ನೇ ಈ ಆಹಾರದ ಜೊತೆ ಕಟ್ಟಿ ವಾದಿಸಿದರು. ತಳಿಯನ್ನು ಆರಿಸಬೇಕಾದರೆ ದನ ಬದುಕಿದ್ದಾಗ ಅದರ ಮೇಲೆ ಹಕ್ಕಿರಬೇಕು. ಮೇವು ಏನು, ಎಷ್ಟು ವಯಸ್ಸಿಗೆ ಕಡಿಯಬೇಕು, ಯಾವ ಹೋರಿಗೆ ಕೂಡಿಸಬೇಕು ಎಂಬ ಹಕ್ಕು. ಕೇರಿಗೆ ದನ ಬರುತ್ತಿದ್ದದ್ದು ಆ ಹಕ್ಕುಗಳೆಲ್ಲ ಮುಗಿದ ಮೇಲೆ. ಅಲ್ಲಿಗೆ ಬಂದದ್ದು ದುಡಿದು ಮುದಿಯಾದ ಮೈ, ಹೆಚ್ಚಿನ ಸಲ ನೆಣವೇ ಇಲ್ಲದ್ದು. ಸ್ನಾಯುವಿನೊಳಗಿನ ನೆಣಕ್ಕೆ ನಮ್ಮ ಕಡೆ ಹೆಸರು ಸಿಗಲಿಲ್ಲವೆಂದು ಮೇಲೆ ಹೇಳಿದೆನಲ್ಲ, ನನ್ನ ಊಹೆ ಇದು: ಹೆಸರಿಡುವಷ್ಟು ಅದು ಯಾರ ಪಾಲಿಗೂ ಬಂದಿರಲಿಲ್ಲ. ನಮ್ಮ ಪೇಟೆಯ ದಖನಿ ಮಾತನ್ನೇ ನೋಡಿ, ‘ಬಡೇ ಕಾ’, ‘ಛೋಟೇ ಕಾ’. ದೊಡ್ಡದರದು, ಸಣ್ಣದರದು. ವಿಂಗಡಣೆ ಅಲ್ಲಿಗೆ ಮುಗಿಯಿತು. ಆಕಳೋ ಎಮ್ಮೆಯೋ ಎನ್ನುವುದನ್ನೂ ಆ ಮಾತು ಬಿಟ್ಟುಕೊಡುವುದಿಲ್ಲ.

ಹಾಗಾಗಿ ವಿಚಿತ್ರವಾದ ಒಂದು ಸ್ಥಿತಿ ಹುಟ್ಟುತ್ತದೆ. ಪ್ರಯೋಗಾಲಯ ಬಹಳ ಖರ್ಚು ಮಾಡಿ ಕಂಡುಕೊಂಡದ್ದು, ಅಂದರೆ ಸ್ವಾದ ತಳಿಗಿಂತ ಹೆಚ್ಚಾಗಿ ವಯಸ್ಸು, ಮೇವು, ದುಡಿಮೆ, ಬೇಯಿಸುವ ರೀತಿಗಳಲ್ಲಿದೆ ಎನ್ನುವುದು, ಈ ಅಡುಗೆಮನೆಗಳ ರೀತಿಯಲ್ಲೇ ಅಡಗಿದೆ. ಅಲ್ಲಿ ಅದಕ್ಕೆ ಸಿದ್ಧಾಂತದ ಗತ್ತು ಇಲ್ಲ ಅಷ್ಟೆ. ಇದನ್ನು ಹೊಗಳಿಕೆಯಾಗಿ ಹೇಳಲು ನನಗೆ ಭಯ. ಬಲವಂತದಿಂದ ಬಂದ ಜಾಣ್ಮೆಯನ್ನು ಸಂಸ್ಕೃತಿ ಎಂದು ಹಾಡಿ ಹೊಗಳುವುದು ಮೇಲಿನವರಿಗೆ ಬಲು ಸುಲಭ. ಪಾಟೋಳೆ ಆ ಬಲೆಗೆ ಬೀಳುವುದಿಲ್ಲ. ಆ ‘ಅ’ ಅಕ್ಷರ ಕಾವಲು ನಿಂತಿದೆ. ಇಂಗ್ಲಿಷ್ ಆವೃತ್ತಿಯ ಬಗ್ಗೆ ನನ್ನ ತಕರಾರು ಇಲ್ಲಿಯೇ. ‘ಮರಾಠವಾಡದ ದಲಿತ ಅಡುಗೆಮನೆಗಳು’ ಎಂಬ ಹೆಸರು ಅಂಗಡಿಯ ಕಪಾಟಿನಲ್ಲಿ ಜಾಗ ಹುಡುಕುವ ಹೆಸರು. ಜಗಳವಾಡುತ್ತಿದ್ದ ಶೀರ್ಷಿಕೆ ವಿಳಾಸವಾಗಿಬಿಟ್ಟಿತು. ಅಪೂರ್ಣತೆ ಎಲ್ಲಿ ಹೋಯಿತು?

ಕನ್ನಡದ ಕತೆ ಇನ್ನೂ ಬಾಕಿಯಿದೆ. ‘ಊರುಕೇರಿ’, ‘ಗೌರ್ಮೆಂಟ್ ಬ್ರಾಹ್ಮಣ’ಗಳನ್ನು ನಾವು ಪಠ್ಯವಾಗಿ ಓದಿದ್ದೇವೆ, ಪರೀಕ್ಷೆ ಬರೆದಿದ್ದೇವೆ. ದಲಿತ ಆತ್ಮಕಥನದಲ್ಲಿ ಮಾಂಸ ಬಂದಾಗಲೆಲ್ಲ ನಮ್ಮ ವಿಮರ್ಶೆ ಎರಡೇ ಪದ ಬರೆಯುತ್ತದೆ: ಹಸಿವು, ಅವಮಾನ. ಎರಡೂ ನಿಜ. ಆದರೆ ತಿಂದವರಿಗೆ ರುಚಿಯೂ ಇತ್ತು, ಇದು ಚೆನ್ನಾಗಿದೆ, ಅದು ಚೆನ್ನಾಗಿಲ್ಲ ಎಂಬ ವಿವೇಕವೂ ಇತ್ತು. ರಸವನ್ನು ಇಷ್ಟೊಂದು ಚರ್ಚಿಸಿದ ಕಾವ್ಯಮೀಮಾಂಸೆಯ ವಾರಸುದಾರರಿಗೆ ಬಾಡಿನ ರಸ ಕಣ್ಣಿಗೆ ಬೀಳಲಿಲ್ಲ. ನನ್ನ ಪ್ರಬಂಧದ ಈ ಅಧ್ಯಾಯವನ್ನು ಒಂದು ವಿಚಾರಸಂಕಿರಣದಲ್ಲಿ ಓದಿದಾಗ ಹಿರಿಯರೊಬ್ಬರು ‘ಇದರಲ್ಲಿ ಸಾಹಿತ್ಯ ಎಲ್ಲಿದೆ?’ ಎಂದರು. ಚರ್ಚೆ ಅಲ್ಲಿಗೆ ನಿಂತು ಊಟಕ್ಕೆ ಎದ್ದೆವು. ಎಲೆಯ ಮೇಲೆ ಒಬ್ಬಟ್ಟು ಬಿದ್ದ ಕೂಡಲೇ ಅದೇ ಹಿರಿಯರು ಯಾವ ಊರಿನ ಬೆಲ್ಲ, ಯಾವ ಬೇಳೆ ಎಂದು ಬಹಳ ಚೆನ್ನಾಗಿ ಮಾತಾಡಿದರು. ಆ ಮಾತಿನಲ್ಲಿ ಸಾಹಿತ್ಯ ಖಂಡಿತ ಇತ್ತು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಇನ್ನೊಂದು ಒತ್ತಡವೂ ಇದೆ. 1964ರ ಕರ್ನಾಟಕದ ಕಾಯ್ದೆ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣಗಳನ್ನು ಪ್ರಮಾಣಪತ್ರದ ಮೇಲೆ ಕಡಿಯಲು ಬಿಟ್ಟಿತ್ತು. 2020ರ ಕಾಯ್ದೆಯಲ್ಲಿ ಆಕಳು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ನಿಷಿದ್ಧ. 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ ಹೊರಗೆ. ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ನಿಷೇಧ ಬಂದದ್ದು 2015ರಲ್ಲಿ. ಪಾಟೋಳೆ ಅವರ ಪುಸ್ತಕದ ವರ್ಷವೂ ಅದೇ. ಹೊರಬಂದ ವರ್ಷವೇ ಅದರ ಕೆಲವು ಪುಟಗಳು ಅಡುಗೆಯ ಪುಸ್ತಕದಿಂದ ಇತಿಹಾಸದ ಪುಸ್ತಕಕ್ಕೆ ಸರಿದುಹೋದವು. ಕಾಯ್ದೆಯ ಸರಿತಪ್ಪು ಬೇರೆ ಚರ್ಚೆ. ನನ್ನ ಚಿಂತೆ ದಾಖಲೆಯದು. ದೇವಣಿಯ ಬಣ್ಣ, ಕೊಂಬು, ಹಾಲು, ನಡಿಗೆ ಎಲ್ಲ ಬರೆದಿಟ್ಟಿದ್ದೇವೆ. ಅದೇ ದನದ ಬಗ್ಗೆ ಇನ್ನರ್ಧ ತಿಳಿವಳಿಕೆ ಇದ್ದವರಿಗೆ ಈಗ ಎಪ್ಪತ್ತು ದಾಟಿದೆ, ಅವರನ್ನು ಯಾರೂ ಕೇಳಿಲ್ಲ.

ಹೋದ ವರ್ಷ ರಜೆಯಲ್ಲಿ ಊರಿಗೆ ಹೋದಾಗ ಗೆಳೆಯನ ಮನೆಗೆ ಹೋಗಿದ್ದೆ. ಒಂದೇ ಊರು, ಒಂದೇ ಶಾಲೆ. ಅವನ ಮನೆಯ ಒಳಗೆ ಕಾಲಿಟ್ಟದ್ದು ಮಾತ್ರ ಪಿಎಚ್.ಡಿ.ಗೆ ಸೇರಿದ ಮೇಲೆ. ಅವನ ಅಜ್ಜಿ ಹೊರಗಟ್ಟೆಯ ಮೇಲೆ ಕೂತಿದ್ದರು. ಬ್ಯಾಗಿನಲ್ಲಿ ಎರಡು ಪುಸ್ತಕಗಳೂ ಇದ್ದವು, ತಲೆಯಲ್ಲಿ ಶಾಟ್ಸ್‌ಕರ್ ಪ್ರಶ್ನೆ. ‘ಆಯಿ, ದೇವಣಿ ಎತ್ತಿಂದು ರುಚಿ ಇರ್ತಿತ್ತೋ, ಬ್ಯಾರೆ ದನದ್ದೋ?’ ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. ‘ನಮಗ ಯಾರ್ ಹೆಸರ್ ಹೇಳಿ ಕೊಡ್ತಿದ್ರು ತಮ್ಮಾ? ಬಂದ ಮ್ಯಾಲ ನಾವೇ ನೋಡಿ ತಿಳ್ಕೋತಿದ್ದಿವಿ.’

ಏನು ನೋಡುತ್ತಿದ್ದಿರಿ ಎಂದೆ. ಅವರು ಬೆರಳು ಮಡಚುತ್ತ ಹೇಳಿದರು. ಕುತ್ತಿಗೆಯ ಮೇಲಿನ ಖಂಡ ನೋಡಿದರೆ ನೊಗ ಎಷ್ಟು ವರ್ಷ ಹೊತ್ತಿದೆ ಎಂದು ಗೊತ್ತಾಗುತ್ತದೆ. ಅದಕ್ಕೆ ಮಧ್ಯಾಹ್ನದಿಂದ ಸಂಜೆ ತನಕ ಒಲೆ ಬೇಕು, ಅವಸರ ಮಾಡಿದರೆ ಚರ್ಮ ಜಗಿದಂತೆ, ಬಿಟ್ಟುಕೊಟ್ಟರೆ ರೊಟ್ಟಿಗೆ ಅದರಂಥ ರಸ ಬೇರೆ ಇಲ್ಲ. ಕಬ್ಬಿನ ಸೋಗೆ ತಿಂದ ದನ ಬೇರೆ, ಜೋಳದ ಕಣಿಕೆ ತಿಂದದ್ದು ಬೇರೆ. ಬೇಸಿಗೆಯಲ್ಲಿ ಬಂದದ್ದನ್ನು ಒಣಗಿಸಬೇಕು, ಅದರಲ್ಲಿ ಕುದಿಸಲು ಏನೂ ಇರುವುದಿಲ್ಲ. ನಾನು ಬರೆದುಕೊಳ್ಳುತ್ತ ಹೋದೆ. ಎರಡು ಪುಟ ತುಂಬಿತು.

ಹೊರಡಲು ಎದ್ದಾಗ ಅವರು, ‘ನಿಮ್ಮ ಮುತ್ಯಾಂದು ಒಂದು ಬಿಳಿ ಎತ್ತಿತ್ತಲ್ಲ, ಯುಗಾದಿ ಮುಂದ ಮಾರಿದ್ರು,’ ಎಂದರು. ‘ಅದಕ್ಕ ಕಣಿಕೆ ಛಲೋ ಹಾಕಿದ್ರಿ.’

ಅದು ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.